ರಸ್ತೆ, ಕರೆಂಟು, ನೆಟ್‌ವರ್ಕ್ ಮೂರೂ ಕೈಕೊಡುವ ಊರಿಗೆ ಬ್ಯಾಂಕ್ ಸೇವೆ ತರುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಜೋಯಿಡಾ, ಸಿದ್ದಾಪುರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಒಳಭಾಗದ ಮಜರೆಯೊಂದರಲ್ಲಿ ವಾಸಿಸುವ ಮಹಿಳೆ ತನ್ನ ಖಾತೆಗೆ ಬಂದ 2,000 ರೂಪಾಯಿಯನ್ನು ಕೈಗೆ ಪಡೆಯಲು ಏನೇನು ಮಾಡಬೇಕು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಬೆಳಗಿನ ಒಂದೇ ಬಸ್ಸಿಗಾಗಿ ಕಾಡುದಾರಿಯಲ್ಲಿ ನಡೆದು ಬರಬೇಕು, ಪೇಟೆ ತಲುಪಿ ಸರದಿಯಲ್ಲಿ ನಿಲ್ಲಬೇಕು, ಸರ್ವರ್ ಡೌನ್ ಎಂದರೆ ಮಧ್ಯಾಹ್ನದವರೆಗೆ ಕಾಯಬೇಕು, ಸಂಜೆಯ ಬಸ್ಸಿಗೆ ಮರಳಬೇಕು. ಅಷ್ಟರಲ್ಲಿ ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ಚಹಾದ ಖರ್ಚೂ ಸೇರಿ ಬಂದ ಹಣದ ಒಂದು ಭಾಗ ಕರಗಿಯೇ ಹೋಗಿರುತ್ತದೆ.

ಇದಕ್ಕೆ ಪರಿಹಾರವೆಂದು ಭಾರತೀಯ ರಿಸರ್ವ್ ಬ್ಯಾಂಕ್ 2006ರಲ್ಲಿಯೇ ಬ್ಯಾಂಕುಗಳು ತಮ್ಮ ಪ್ರತಿನಿಧಿಗಳ ಮೂಲಕ ಸೇವೆ ನೀಡಬಹುದೆಂದು ಒಪ್ಪಿಗೆ ಕೊಟ್ಟಿತು. ನಮ್ಮ ಊರುಗಳಲ್ಲಿ ‘ಬ್ಯಾಂಕ್ ಮಿತ್ರ’ ಅಥವಾ ‘ಬಿಸಿ ಪಾಯಿಂಟ್’ (ಬಿಸಿ ಎಂದರೆ ಬಿಸಿನೆಸ್ ಕರೆಸ್ಪಾಂಡೆಂಟ್, ಬ್ಯಾಂಕಿನ ಪ್ರತಿನಿಧಿ) ಎಂದು ಕರೆಯುವುದು ಇದನ್ನೇ. 2014ರ ಆಗಸ್ಟ್ 28ರಂದು ಆರಂಭವಾದ ಜನಧನ್ ಯೋಜನೆಯಿಂದ ಬಹುತೇಕ ಮನೆಗಳಿಗೆ ಖಾತೆಯೂ ಬಂದಿದೆ. ಆದರೆ ಪಾಸ್‌ಬುಕ್ ಮನೆಯಲ್ಲಿದ್ದು ಹಣ ಪೇಟೆಯಲ್ಲೇ ಉಳಿದಿರುವ ಊರುಗಳು ಇನ್ನೂ ಇವೆ. ಅಂಥ ಊರಿನ ಗ್ರಾಮ ಪಂಚಾಯಿತಿ ಸದಸ್ಯರು, ಸ್ವಸಹಾಯ ಸಂಘದವರು, ಸೊಸೈಟಿಯ ಕಾರ್ಯದರ್ಶಿಗಳು ಮತ್ತು ಬ್ಯಾಂಕ್ ಮಿತ್ರರಾಗಲು ಬಯಸುವ ಯುವಜನರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಲೆನಾಡಿನಲ್ಲಿ ಇಂಥ ಕೇಂದ್ರಗಳನ್ನು ನೆಲೆಗೊಳಿಸುವ ಕೆಲಸದಲ್ಲಿ ಕೈಜೋಡಿಸಿದ ಅನುಭವದಿಂದ ನಾನು ಕಲಿತದ್ದು ಇಷ್ಟು: ಯಂತ್ರ ತರುವುದು ಇಡೀ ಕೆಲಸದಲ್ಲಿ ಅತ್ಯಂತ ಸುಲಭದ ಭಾಗ. ಕೇಂದ್ರ ಉಳಿಯುವುದೋ ಮುಚ್ಚುವುದೋ ಎಂಬುದು ಎರಡು ಸಂಗತಿಗಳಿಂದ ತೀರ್ಮಾನವಾಗುತ್ತದೆ. ಬಂದವರಿಗೆ ಕೊಡಲು ಪೆಟ್ಟಿಗೆಯಲ್ಲಿ ನಗದು ಇದೆಯೇ ಎಂಬುದು ಒಂದು. ವ್ಯವಹಾರ ನಡುವೆ ಕೈಕೊಟ್ಟಾಗ ಆ ಹಣದ ಹೊಣೆಯನ್ನು ಯಾರು ಹೊರುತ್ತಾರೆ ಎಂಬುದು ಇನ್ನೊಂದು. ಹಾಗಾಗಿ ಈ ಮಾರ್ಗದರ್ಶಿಯ ಹೆಚ್ಚಿನ ಜಾಗವನ್ನು ಅವೆರಡಕ್ಕೇ ಮೀಸಲಿಟ್ಟಿದ್ದೇನೆ.

ಮೊದಲ ಹೆಜ್ಜೆ: ಊರಿನ ಲೆಕ್ಕ ಬರೆದುಕೊಳ್ಳಿ

ಯಾವ ಬ್ಯಾಂಕಿಗೂ ಅರ್ಜಿ ಹಾಕುವ ಮುನ್ನ ಒಂದು ನೋಟ್‌ಬುಕ್ ಹಿಡಿದು ಮನೆಮನೆಗೆ ಹೋಗಿ. ಪ್ರತಿ ಮನೆಗೆ ಯಾವ ಹಣ ಬರುತ್ತದೆ, ಯಾವ ಬ್ಯಾಂಕಿಗೆ ಬರುತ್ತದೆ, ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಬರೆದುಕೊಳ್ಳಿ. ಗೃಹಲಕ್ಷ್ಮಿಯ 2,000 ರೂಪಾಯಿ, ಸಂಧ್ಯಾ ಸುರಕ್ಷಾ ಪಿಂಚಣಿ, ವರ್ಷಕ್ಕೆ ಮೂರು ಕಂತಿನಲ್ಲಿ ಬರುವ ಪಿಎಂ ಕಿಸಾನ್‌ನ 6,000 ರೂಪಾಯಿ, ಉದ್ಯೋಗ ಖಾತರಿಯ ಕೂಲಿ, ಡೇರಿಯ ಬಟವಾಡೆ, ಬೆಂಗಳೂರಿನಲ್ಲಿ ದುಡಿಯುವ ಮಗ ಕಳಿಸುವ ಹಣ ಎಲ್ಲವೂ ಆ ಲೆಕ್ಕದಲ್ಲಿರಲಿ.

ಈ ಹಂತದಲ್ಲಿ ಜನರನ್ನು ಹೆಚ್ಚು ಗೊಂದಲಕ್ಕೆ ತಳ್ಳುವ ವಿಷಯವೆಂದರೆ ಆಧಾರ್ ಲಿಂಕ್ ಮತ್ತು ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆ ನಡೆಸುವ ಸಂಸ್ಥೆ) ಮ್ಯಾಪಿಂಗ್ ನಡುವಿನ ವ್ಯತ್ಯಾಸ. ಒಬ್ಬರು ಮೂರು ಬ್ಯಾಂಕುಗಳಲ್ಲಿ ಖಾತೆ ತೆರೆದು ಮೂರಕ್ಕೂ ಆಧಾರ್ ಜೋಡಿಸಿರಬಹುದು, ಆದರೆ ಸರ್ಕಾರದಿಂದ ಆಧಾರ್ ಆಧಾರದಲ್ಲಿ ಬರುವ ಹಣ ಹೋಗುವುದು ಎನ್‌ಪಿಸಿಐ ನಕ್ಷೆಯಲ್ಲಿ ದಾಖಲಾಗಿರುವ ಒಂದೇ ಬ್ಯಾಂಕಿಗೆ. ನಡುವೆ ಯಾವುದೋ ಶಿಬಿರದಲ್ಲಿ ಹೊಸ ಖಾತೆ ತೆರೆದಾಗ ಒಪ್ಪಿಗೆಯ ಚೀಟಿಗೆ ಸಹಿ ಮಾಡಿದ್ದರೆ ಆ ನಕ್ಷೆ ಬದಲಾಗಿ, ಹಣ ಹೊಸ ಖಾತೆಗೆ ಬೀಳುತ್ತಿರುತ್ತದೆ. ಇತ್ತ ಮನೆಯವರು ಹಳೆಯ ಪಾಸ್‌ಬುಕ್ ಹಿಡಿದು ‘ಹಣ ಬಂದಿಲ್ಲ’ ಎಂದು ಪಂಚಾಯಿತಿಗೆ ಅಲೆಯುತ್ತಿರುತ್ತಾರೆ. ಮ್ಯಾಪಿಂಗ್ ಯಾವ ಬ್ಯಾಂಕಿಗಿದೆ ಎಂಬುದನ್ನು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಬಳಸಿ ಆಧಾರ್ ನೀಡುವ ಯುಐಡಿಎಐ ಸಂಸ್ಥೆಯ ಜಾಲತಾಣದಲ್ಲಿ ನೋಡಬಹುದು. ಒಂದು ಭಾನುವಾರ ನೆಟ್‌ವರ್ಕ್ ಸಿಗುವ ಜಾಗದಲ್ಲಿ ಕುಳಿತು ಊರಿನವರೆಲ್ಲರ ಮ್ಯಾಪಿಂಗ್ ನೋಡಿಬಿಟ್ಟರೆ ಮುಂದಿನ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಎರಡು ವರ್ಷ ಯಾವ ವ್ಯವಹಾರವೂ ನಡೆಯದ ಖಾತೆಗಳು ನಿಷ್ಕ್ರಿಯವಾಗುತ್ತವೆ ಮತ್ತು ಅವನ್ನು ಎಬ್ಬಿಸಲು ಮರು ಕೆವೈಸಿ (ಗುರುತು ಮತ್ತು ವಿಳಾಸದ ಪರಿಶೀಲನೆ) ಬೇಕಾಗುತ್ತದೆ. ಅಂಥವರ ಹೆಸರನ್ನು ಬೇರೆಯಾಗಿ ಬರೆದಿಡಿ. 2025ರ ಜೂನ್‌ನಿಂದ ಕೆವೈಸಿ ನವೀಕರಣಕ್ಕೆ ಬ್ಯಾಂಕ್ ಮಿತ್ರರ ಮೂಲಕವೂ ಅವಕಾಶವಿರುವುದರಿಂದ, ಕೇಂದ್ರ ಆರಂಭವಾದ ಮೇಲೆ ನಿಮಗೆ ಸಿಗುವ ಮೊದಲ ಕೆಲಸಗಳಲ್ಲಿ ಇದೂ ಒಂದಾಗುತ್ತದೆ.

ಎರಡನೆಯ ಹೆಜ್ಜೆ: ಯಾವ ಬಾಗಿಲು ತಟ್ಟಬೇಕು

ಊರಿನಲ್ಲಿ ಅಥವಾ ನಡೆದು ಹೋಗುವಷ್ಟು ದೂರದಲ್ಲಿ ಶಾಖಾ ಅಂಚೆ ಕಚೇರಿ ಇದ್ದರೆ ಮೊದಲು ಅಲ್ಲಿಗೇ ಹೋಗಿ. 2018ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್‌ನ ಸೇವೆಯನ್ನು ಗ್ರಾಮೀಣ ಡಾಕ್ ಸೇವಕರು ತಮ್ಮ ಕೈಯಲ್ಲಿರುವ ಮೊಬೈಲ್ ಮತ್ತು ಬೆರಳಚ್ಚು ಸಾಧನದಿಂದಲೇ ಕೊಡುತ್ತಾರೆ. ಬೇರೆ ಬ್ಯಾಂಕಿನ ಖಾತೆಯಲ್ಲಿರುವ ಹಣವನ್ನೂ ಆಧಾರ್ ಮೂಲಕ ಅವರಿಂದ ಪಡೆಯಬಹುದು. ಇರುವ ವ್ಯವಸ್ಥೆಯನ್ನು ಬಳಸದೆ ಹೊಸದನ್ನು ಕಟ್ಟಲು ಹೊರಡುವುದು ಶ್ರಮದ ಪೋಲು.

ಅಂಚೆ ಕಚೇರಿ ಸಾಲದು ಎನಿಸಿದರೆ, ನೀವು ಬರೆದ ಲೆಕ್ಕದ ಪುಸ್ತಕ ತೆರೆದು ಊರಿನ ಹೆಚ್ಚಿನ ಖಾತೆಗಳು ಯಾವ ಬ್ಯಾಂಕಿನಲ್ಲಿವೆ ಎಂದು ನೋಡಿ. ಅದೇ ಬ್ಯಾಂಕಿನ ಕೇಂದ್ರವಾದರೆ ಹಣ ಕಟ್ಟುವುದು, ಖಾತೆ ತೆರೆಯುವುದು, ವಿಮೆಗೆ ಸೇರುವುದು ಎಲ್ಲವೂ ಸರಾಗ. ಕರ್ನಾಟಕದ ಹಳ್ಳಿಗಳಲ್ಲಿ ಇದು ಬಹಳ ಸಲ ಗ್ರಾಮೀಣ ಬ್ಯಾಂಕೇ ಆಗಿರುತ್ತದೆ. ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಮತ್ತು ಬಳ್ಳಾರಿಯ (ಹಿಂದೆ ಪ್ರಗತಿ ಕೃಷ್ಣಾ ಆಗಿದ್ದ) ಕರ್ನಾಟಕ ಗ್ರಾಮೀಣ ಬ್ಯಾಂಕ್ 2025ರ ಮೇ 1ರಂದು ಒಂದಾಗಿ, ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯುಳ್ಳ ಒಂದೇ ಸಂಸ್ಥೆಯಾಗಿರುವುದನ್ನು ಗಮನಿಸಿ. ಹಳೆಯ ಪಾಸ್‌ಬುಕ್‌ನ ಹೆಸರು ನೋಡಿ ಅದನ್ನು ಬೇರೆ ಬ್ಯಾಂಕ್ ಎಂದು ಎಣಿಸಬೇಡಿ.

ಬಳಿಕ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಅದರೊಂದಿಗೆ ಮನೆಗಳ ಸಂಖ್ಯೆ, ತಿಂಗಳಿಗೆ ಬರುವ ಹಣದ ಅಂದಾಜು, ಹತ್ತಿರದ ಶಾಖೆಗೆ ಇರುವ ದೂರ ಮತ್ತು ಬಸ್ಸಿನ ವೇಳಾಪಟ್ಟಿ ಸೇರಿಸಿ ಜಿಲ್ಲೆಯ ಲೀಡ್ ಬ್ಯಾಂಕ್ (ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಬ್ಯಾಂಕ್) ವ್ಯವಸ್ಥಾಪಕರಿಗೆ ಕೊಡಿ. ಯಾವ ಊರಿಗೆ ಯಾವ ಬ್ಯಾಂಕು ಸೇವೆ ಕೊಡಬೇಕು ಎಂಬ ಹಂಚಿಕೆಯ ಕೆಲಸ ಅವರ ಮೂಲಕ ನಡೆಯುತ್ತದೆ. ರಾಜ್ಯ ಮಟ್ಟದ ಬ್ಯಾಂಕರುಗಳ ಸಮಿತಿಯ ಸಂಚಾಲಕ ಸ್ಥಾನದಲ್ಲಿ ಕೆನರಾ ಬ್ಯಾಂಕ್ ಇದ್ದು, ಜಿಲ್ಲೆಯಲ್ಲಿ ಇತ್ಯರ್ಥವಾಗದ ವಿಷಯ ಅಲ್ಲಿಗೆ ಹೋಗುತ್ತದೆ. ದಿನಕ್ಕೆ ಕನಿಷ್ಠ 4 ಗಂಟೆಯಂತೆ ವಾರಕ್ಕೆ ಕನಿಷ್ಠ 5 ದಿನ ತೆರೆದಿರುವ ಸ್ಥಿರ ಕೇಂದ್ರವನ್ನು ಮಾತ್ರ ರಿಸರ್ವ್ ಬ್ಯಾಂಕ್ 2017ರಿಂದ ಬ್ಯಾಂಕಿಂಗ್ ಮಳಿಗೆ ಎಂದು ಪರಿಗಣಿಸುತ್ತದೆ. ಅರ್ಜಿಯಲ್ಲಿ ಈ ಮಾತನ್ನು ಸ್ಪಷ್ಟವಾಗಿ ಬರೆದು, ವಾರಕ್ಕೊಮ್ಮೆ ಬಂದು ಹೋಗುವ ವ್ಯವಸ್ಥೆಗೆ ಒಪ್ಪಬೇಡಿ.

ಒಂದು ಎಚ್ಚರಿಕೆ. ‘ಬಿಸಿ ಪಾಯಿಂಟ್ ಕೊಡಿಸುತ್ತೇವೆ, ಠೇವಣಿ ಕಟ್ಟಿ’ ಎಂದು ಫೋನ್ ಮಾಡುವವರು ಬಹಳ ಜನ ಇದ್ದಾರೆ. ಬ್ಯಾಂಕುಗಳು ಏಜೆನ್ಸಿ ಕಂಪನಿಗಳ ಮೂಲಕ ಮಿತ್ರರನ್ನು ನೇಮಿಸುವುದು ನಿಜವಾದರೂ, ಆ ಕಂಪನಿಗೆ ಬ್ಯಾಂಕಿನೊಂದಿಗೆ ಒಪ್ಪಂದ ಇದೆಯೇ ಎಂಬುದನ್ನು ಶಾಖಾ ವ್ಯವಸ್ಥಾಪಕರಿಂದ ಕೇಳಿ ತಿಳಿಯುವವರೆಗೆ ಒಂದು ರೂಪಾಯಿಯನ್ನೂ ಕೊಡಬಾರದು.

ಮೂರನೆಯ ಹೆಜ್ಜೆ: ಮಿತ್ರರ ಆಯ್ಕೆ

ಮನೆಬಾಗಿಲಿಗೆ ಬಂದು ಹಣ ಪಡೆಯುವ ಪದ್ಧತಿ ಕರಾವಳಿಗೂ ಮಲೆನಾಡಿಗೂ ಹೊಸದಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಪಿಗ್ಮಿ ಸಂಗ್ರಹ ಆರಂಭಿಸಿದಾಗ, ಜನರು ನಂಬಿದ್ದು ಬ್ಯಾಂಕಿನ ಕಟ್ಟಡಕ್ಕಿಂತ ಹೆಚ್ಚಾಗಿ ದಿನವೂ ಬಂದು ಪುಸ್ತಕದಲ್ಲಿ ಬರೆದುಕೊಟ್ಟು ಹೋಗುವ ಏಜೆಂಟನನ್ನು. ಇಂದಿನ ಆಯ್ಕೆಗೂ ಅದೇ ಅಳತೆಗೋಲು ಸಾಕು. ಲೆಕ್ಕ ಬರೆಯುವ ಅಭ್ಯಾಸವಿರುವ, ಊರು ಬಿಟ್ಟು ಹೋಗುವ ಸಂಭವ ಕಡಿಮೆಯಿರುವ, ಬಡವರ ಕೇರಿಯಲ್ಲೂ ಮುಜುಗರವಿಲ್ಲದೆ ಓಡಾಡುವ ವ್ಯಕ್ತಿ ಬೇಕು. ಸ್ವಸಹಾಯ ಸಂಘದಲ್ಲಿ ನಾಲ್ಕಾರು ವರ್ಷ ಪುಸ್ತಕ ಬರೆದ ಮಹಿಳೆಯರಲ್ಲಿ ಈ ಗುಣಗಳೆಲ್ಲ ಒಟ್ಟಿಗೆ ಇರುವುದನ್ನು ನಾನು ಹೆಚ್ಚಾಗಿ ಕಂಡಿದ್ದೇನೆ. ‘ಬಿಸಿ ಸಖಿ’ ಹೆಸರಿನಲ್ಲಿ ಅವರಿಗೆ ತರಬೇತಿಯ ವ್ಯವಸ್ಥೆಯೂ ಇದೆ. ಮಿತ್ರರಾಗುವವರು ಭಾರತೀಯ ಬ್ಯಾಂಕಿಂಗ್ ಮತ್ತು ಹಣಕಾಸು ಸಂಸ್ಥೆಯ ಪ್ರಮಾಣಪತ್ರ ಪರೀಕ್ಷೆ ಬರೆಯಬೇಕಾಗುತ್ತದೆ. ಓದಲು ಕುಳಿತರೆ ಅದೇನೂ ಕಷ್ಟದ್ದಲ್ಲ.

ನಾಲ್ಕನೆಯ ಹೆಜ್ಜೆ: ನೆಟ್‌ವರ್ಕ್ ಮತ್ತು ವಿದ್ಯುತ್

ಆಧಾರ್ ಮೂಲಕ ಹಣ ತೆಗೆಯುವ ಒಂದು ವ್ಯವಹಾರಕ್ಕೆ ಹೋಗಿಬರುವ ಮಾಹಿತಿ ಬಹಳ ಸಣ್ಣದು. ವಿಡಿಯೋ ನೋಡಲು ಬೇಕಾದ ವೇಗ ಇದಕ್ಕೆ ಬೇಕಿಲ್ಲ. ಬೇಕಾಗಿರುವುದು ಅರ್ಧ ನಿಮಿಷ ತುಂಡಾಗದೆ ನಿಲ್ಲುವ ಸಂಪರ್ಕ. ಈ ವ್ಯತ್ಯಾಸ ತಿಳಿದರೆ ಜಾಗದ ಆಯ್ಕೆಯೇ ಬದಲಾಗುತ್ತದೆ. ಸಾಮಾನ್ಯವಾಗಿ ಬಸ್‌ಸ್ಟ್ಯಾಂಡಿನ ಅಂಗಡಿ ಅಥವಾ ಪಂಚಾಯಿತಿ ಕಟ್ಟಡವನ್ನು ಕಣ್ಣುಮುಚ್ಚಿ ಆರಿಸುತ್ತಾರೆ. ಹಾಗೆ ಮಾಡದೆ, ಎರಡು ಬೇರೆ ಕಂಪನಿಗಳ ಸಿಮ್ ಇರುವ ಫೋನ್ ಹಿಡಿದು ಊರಿನ ನಾಲ್ಕೈದು ಜಾಗಗಳಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು ಒಂದು ವಾರ ಪರೀಕ್ಷಿಸಿ. ಎಷ್ಟು ಕಡ್ಡಿ ಬರುತ್ತದೆ ಎಂದು ನೋಡುವುದಕ್ಕಿಂತ, ಬ್ಯಾಂಕಿನ ಆ್ಯಪ್‌ನಲ್ಲಿ ಬ್ಯಾಲೆನ್ಸ್ ಎಷ್ಟು ಸಲ ಕೇಳಿದಾಗ ಎಷ್ಟು ಸಲ ಉತ್ತರ ಬಂತು ಎಂದು ಬರೆದುಕೊಳ್ಳುವುದು ಒಳ್ಳೆಯದು. ಹತ್ತಕ್ಕೆ ಒಂಬತ್ತು ಬಂದರೆ ಆ ಜಾಗ ಸಾಕು.

ಎಲ್ಲಿಯೂ ಹಾಗೆ ಸಿಗದಿದ್ದರೆ ಮುಂದಿನ ದಾರಿಗಳು ಇವು. ಗ್ರಾಮ ಪಂಚಾಯಿತಿಗೆ ಸರ್ಕಾರದ ಭಾರತ್‌ನೆಟ್ ಇಂಟರ್ನೆಟ್ ಫೈಬರ್ ಬಂದು ಕೆಲಸ ಮಾಡುತ್ತಿದ್ದರೆ ಅಲ್ಲಿಂದ ಸಂಪರ್ಕ ಕೇಳಬಹುದು. ಎತ್ತರದ ಕಂಬಕ್ಕೆ ದಿಕ್ಕು ನೋಡಿ ಕಟ್ಟಿದ ಹೊರಾಂಗಣ ಆಂಟೆನಾ ಮತ್ತು ಸಿಮ್ ಹಾಕುವ ರೂಟರ್ ಜೊತೆಯಾದರೆ, ಕಣಿವೆಯ ಅಂಚಿನ ಊರುಗಳಲ್ಲಿ ಒಂದು ಕಡ್ಡಿಯೂ ಸಾಕಾಗುವಷ್ಟು ಸ್ಥಿರವಾಗುತ್ತದೆ. ಏನೂ ಇಲ್ಲದ ಕಡೆ ಕೊನೆಯ ಉಪಾಯ ವಿ-ಸ್ಯಾಟ್, ಅಂದರೆ ಸಣ್ಣ ಡಿಶ್ ಆಂಟೆನಾದಿಂದ ಉಪಗ್ರಹದ ಮೂಲಕ ಪಡೆಯುವ ಸಂಪರ್ಕ. ಸಂಕೇತ ಸುಮಾರು 36,000 ಕಿಲೋಮೀಟರ್ ಮೇಲೆ ಹೋಗಿ ಬರಬೇಕಾದ್ದರಿಂದ ಪ್ರತಿ ಉತ್ತರಕ್ಕೂ ಅರ್ಧ ಸೆಕೆಂಡಿನಷ್ಟು ತಡವಾಗುತ್ತದೆ, ಆದರೆ ಅದು ಬ್ಯಾಂಕ್ ವ್ಯವಹಾರಕ್ಕೆ ಅಡ್ಡಿಯಲ್ಲ. ಜಡಿಮಳೆಯಲ್ಲಿ ಸಂಕೇತ ಕುಗ್ಗುವುದೇ ಮಲೆನಾಡಿನಲ್ಲಿ ನಿಜವಾದ ತೊಡಕು. ಸಂಪರ್ಕವಿಲ್ಲದ ಕೇಂದ್ರಗಳಿಗೆ ವಿ-ಸ್ಯಾಟ್ ಮತ್ತು ಸೌರ ವಿದ್ಯುತ್ತಿಗಾಗಿ ಗ್ರಾಮೀಣಾಭಿವೃದ್ಧಿ ಬ್ಯಾಂಕ್ ಆದ ನಬಾರ್ಡ್‌ನ ಹಣಕಾಸು ಸೇರ್ಪಡೆ ನಿಧಿಯಿಂದ ಬ್ಯಾಂಕುಗಳಿಗೆ ನೆರವು ನೀಡಿದ್ದುಂಟು, ಆದ್ದರಿಂದ ಈ ಖರ್ಚನ್ನು ಮಿತ್ರರ ತಲೆಗೆ ಕಟ್ಟುವ ಮುನ್ನ ಬ್ಯಾಂಕಿನವರನ್ನು ಆ ಬಗ್ಗೆ ಕೇಳಲೇಬೇಕು.

ವಿದ್ಯುತ್ತಿನ ಲೆಕ್ಕ ಸಾಧನದ ಆಯ್ಕೆಯೊಂದಿಗೆ ಹೆಣೆದುಕೊಂಡಿದೆ. 45 ವ್ಯಾಟ್‌ನ ಲ್ಯಾಪ್‌ಟಾಪ್ 5 ಗಂಟೆ ನಡೆದರೆ 225 ವ್ಯಾಟ್-ಗಂಟೆ, ಪ್ರಿಂಟರ್ ಮತ್ತು ರೂಟರ್‌ಗೆ ಇನ್ನೊಂದು 75, ದೀಪಕ್ಕೆ 30 ಎಂದರೂ ದಿನಕ್ಕೆ 330 ವ್ಯಾಟ್-ಗಂಟೆ ಬೇಕು. 12 ವೋಲ್ಟ್‌ನ 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ಅರ್ಧದಷ್ಟನ್ನು ಮಾತ್ರ ಬಳಸುವುದು ಕ್ಷೇಮವಾದ್ದರಿಂದ, ಅದು ನಿಮಗೆ ಕೊಡುವುದು 600. ಅಂದರೆ ಬಿಸಿಲಿಲ್ಲದ ಆಷಾಢದಲ್ಲಿ ಎರಡು ದಿನಕ್ಕೂ ಸಾಲದು. ಅದರ ಬದಲು ಬೆರಳಚ್ಚು, ಕಾರ್ಡ್, ರಸೀದಿ ಮೂರೂ ಒಂದರಲ್ಲೇ ಇರುವ ಕೈಯಲ್ಲಿ ಹಿಡಿಯುವ ಮೈಕ್ರೋ ಎಟಿಎಂ ಮತ್ತು ಒಂದು ಫೋನ್ ಆದರೆ ದಿನಕ್ಕೆ 60ರಿಂದ 70 ವ್ಯಾಟ್-ಗಂಟೆಯಲ್ಲಿ ಕೆಲಸ ಮುಗಿಯುತ್ತದೆ, ಅದೇ ಬ್ಯಾಟರಿ ಒಂದು ವಾರ ದಾಟಿಸುತ್ತದೆ. ಮಳೆನಾಡಿನಲ್ಲಿ ಲ್ಯಾಪ್‌ಟಾಪ್ ಕಿಯಾಸ್ಕ್ ಬೇಡವೆಂದು ನಾನು ಹಟ ಹಿಡಿಯುವುದು ಈ ಲೆಕ್ಕದಿಂದಲೇ. ಬೆರಳಚ್ಚು ಸಾಧನ ಕೊಳ್ಳುವಾಗ ಅದು ‘ಎಲ್1’ ಎಂಬ ಹೊಸ, ಹೆಚ್ಚು ಭದ್ರತೆಯ ದರ್ಜೆಯದೆಂದು ಖಚಿತಪಡಿಸಿಕೊಳ್ಳಿ. ಹಳೆಯ ‘ಎಲ್0’ ಸಾಧನಗಳ ಕಾಲ ಮುಗಿದಿದೆ, ಅಗ್ಗವೆಂದು ತಂದರೆ ಮೂಲೆ ಸೇರುತ್ತದೆ.

ಐದನೆಯ ಹೆಜ್ಜೆ: ನಗದು

ಕೇಂದ್ರ ತೆರೆದ ಮೊದಲ ತಿಂಗಳಲ್ಲಿ ನಾನು ಕಣ್ಣಾರೆ ಕಂಡ ದೃಶ್ಯವೊಂದನ್ನು ಹೇಳಬೇಕು. ಗೃಹಲಕ್ಷ್ಮಿ ಹಣ ಜಮೆಯಾದ ಮರುದಿನ ಬೆಳಿಗ್ಗೆ ಒಂಬತ್ತಕ್ಕೇ ಜಗಲಿ ತುಂಬಿತ್ತು. ಯಂತ್ರ ಚೆನ್ನಾಗಿತ್ತು, ನೆಟ್‌ವರ್ಕ್ ಇತ್ತು, ಬೆರಳು ಒತ್ತಿದವರಿಗೆಲ್ಲ ರಸೀದಿ ಬರುತ್ತಿತ್ತು. ಹನ್ನೊಂದು ಗಂಟೆಗೆ ಪೆಟ್ಟಿಗೆಯಲ್ಲಿ ಉಳಿದದ್ದು ಹತ್ತರ ಮೂರು ನೋಟು. ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ಗುಡ್ಡ ಇಳಿದು ಬಂದ ಹೆಂಗಸೊಬ್ಬರು ಏನೂ ಅನ್ನದೆ ಎದ್ದು ಹೋದರು, ಮುಂದಿನ ತಿಂಗಳು ಪೇಟೆಯ ಬಸ್ಸನ್ನೇ ಹತ್ತಿದರು. ಅವರನ್ನು ಮತ್ತೆ ಕೇಂದ್ರಕ್ಕೆ ಕರೆತರಲು ನಮಗೆ ಅರ್ಧ ವರ್ಷ ಹಿಡಿಯಿತು.

ಹೀಗಾಗುವುದಕ್ಕೆ ಕಾರಣ ತಿಳಿಯಬೇಕಾದರೆ ಹಣ ಹರಿಯುವ ರೀತಿಯನ್ನು ಅರ್ಥ ಮಾಡಿಕೊಳ್ಳಬೇಕು. ಮಿತ್ರರಿಗೆ ಬ್ಯಾಂಕಿನಲ್ಲಿ ಒಂದು ಇತ್ಯರ್ಥ ಖಾತೆ ಇರುತ್ತದೆ. ಗ್ರಾಹಕರು 2,000 ರೂಪಾಯಿ ತೆಗೆದರೆ ಅವರ ಖಾತೆಯಿಂದ ಅಷ್ಟು ಕಳೆದು ಮಿತ್ರರ ಖಾತೆಗೆ ಸೇರುತ್ತದೆ, ಮಿತ್ರರು ತಮ್ಮ ಪೆಟ್ಟಿಗೆಯಿಂದ ನೋಟು ಎಣಿಸಿ ಕೊಡುತ್ತಾರೆ. ಗ್ರಾಹಕರು ಹಣ ಕಟ್ಟಿದರೆ ಇದು ತಿರುವುಮುರುವಾಗುತ್ತದೆ. ಅಂದರೆ ತೆಗೆಯುವವರೇ ಹೆಚ್ಚಿದ್ದಾಗ ಮಿತ್ರರ ಖಾತೆ ತುಂಬುತ್ತಾ ಪೆಟ್ಟಿಗೆ ಖಾಲಿಯಾಗುತ್ತದೆ, ಆ ಅಂಕಿಯನ್ನು ಮತ್ತೆ ನೋಟು ಮಾಡಿಕೊಳ್ಳಲು ಶಾಖೆಗೇ ಹೋಗಬೇಕು. ಒಂದು ಉದಾಹರಣೆ ನೋಡಿ: 400 ಮನೆಗಳ ಊರಿನಲ್ಲಿ 280 ಮಹಿಳೆಯರಿಗೆ ತಲಾ 2,000 ರೂಪಾಯಿ ಬಂದರೆ ಒಟ್ಟು 5,60,000 ರೂಪಾಯಿ. ಮಿತ್ರರು ಒಂದು ಸಲಕ್ಕೆ ತರಬಹುದಾದ ನಗದಿನ ಮಿತಿ 40,000 ಆಗಿದ್ದು ಎಲ್ಲರೂ ಪೂರ್ತಿ ಹಣ ತೆಗೆದರೆ 14 ಸಲ ಶಾಖೆಗೆ ಹೋಗಿ ಬರಬೇಕು. ಒಂದು ಸಲಕ್ಕೆ ಒಂದು ದಿನವಾಗುವ ಊರಿನಲ್ಲಿ ಇದು ನಡೆಯುವ ಮಾತಲ್ಲ.

ಹೊರಬರುವ ದಾರಿ ಮೂರು ಕಡೆಯಿಂದ ಕಟ್ಟಬೇಕು. ಮೊದಲನೆಯದಾಗಿ, ಓವರ್‌ಡ್ರಾಫ್ಟ್ (ಖಾತೆಯಲ್ಲಿರುವುದಕ್ಕಿಂತ ಹೆಚ್ಚು ಹಣ ತೆಗೆಯಲು ಬ್ಯಾಂಕ್ ಕೊಡುವ ಅವಕಾಶ) ಮಿತಿಯನ್ನು ಒಪ್ಪಂದಕ್ಕೆ ಸಹಿ ಮಾಡುವ ಮುನ್ನವೇ ನಿಮ್ಮ ಲೆಕ್ಕದ ಪುಸ್ತಕ ತೋರಿಸಿ ಕೇಳಬೇಕು. ನಗದು ಸಾಗಿಸುವಾಗಿನ ಮತ್ತು ಪೆಟ್ಟಿಗೆಯಲ್ಲಿರುವ ಹಣದ ವಿಮೆಯನ್ನೂ ಅಲ್ಲಿಯೇ ಬರೆಯಿಸಿಕೊಳ್ಳಬೇಕು. ಎರಡನೆಯದಾಗಿ, ಹಣ ಬಂದ ವಾರದಲ್ಲಿ ಕೇರಿಗೊಂದು ದಿನ ಹಂಚಬೇಕು. ದೂರದ ಮಜರೆಯವರಿಗೆ ಮೊದಲ ದಿನ, ಕೇಂದ್ರದ ಅಕ್ಕಪಕ್ಕದವರಿಗೆ ಕೊನೆಯ ದಿನ ಎಂಬ ಕ್ರಮವನ್ನು ಸಂಘದ ಸಭೆಯಲ್ಲಿ ಅವರಿಂದಲೇ ಒಪ್ಪಿಸಿದರೆ ಜಗಳವಾಗುವುದಿಲ್ಲ.

ಮೂರನೆಯದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ಊರಿನ ನೋಟು ಊರಿನಲ್ಲೇ ತಿರುಗುವಂತೆ ಮಾಡಬೇಕು. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಸಾಮಾನು ಸಾಗಿಸುವ ಪಿಕಪ್ ಗಾಡಿಯವರು ವಾರಕ್ಕೊಮ್ಮೆ ಪೇಟೆಯ ಸಗಟು ವ್ಯಾಪಾರಿಗೆ ಹಣ ಕೊಡಲು ನಗದು ಕೂಡಿಟ್ಟಿರುತ್ತಾರೆ. ಅದೇ ನಗದನ್ನು ಅವರು ಕೇಂದ್ರದಲ್ಲಿ ತಮ್ಮ ಖಾತೆಗೆ ಕಟ್ಟಿ, ಸಗಟು ವ್ಯಾಪಾರಿಗೆ ಯುಪಿಐ ಅಥವಾ ಖಾತೆ ವರ್ಗಾವಣೆಯಿಂದ ಕಳಿಸಿದರೆ ಅವರಿಗೆ ಹಣ ಹೊತ್ತು ತಿರುಗುವ ಭಯ ತಪ್ಪುತ್ತದೆ, ಮಿತ್ರರ ಪೆಟ್ಟಿಗೆ ತುಂಬುತ್ತದೆ. ಹಣ ಬರುವ ದಿನದ ಹಿಂದಿನ ಸಂಜೆ ಇಬ್ಬರು ಅಂಗಡಿಯವರು ತಲಾ 20,000 ರೂಪಾಯಿ ಕಟ್ಟಿದರೂ 20 ಮಹಿಳೆಯರಿಗೆ ಕೊಡುವಷ್ಟು ನೋಟು ಶಾಖೆಗೆ ಹೋಗದೆಯೇ ಸಿಕ್ಕಿತು. ಆದರೆ ಇದು ಕೈಬದಲಿನ ವ್ಯವಹಾರವಾಗದೆ, ಪ್ರತಿ ಸಲವೂ ರಸೀದಿಯಿರುವ ಜಮೆಯಾಗಿಯೇ ನಡೆಯಬೇಕು. ಬಾಯಿಮಾತಿನ ಲೆಕ್ಕ ಶುರುವಾದ ದಿನವೇ ಕೇಂದ್ರಕ್ಕೆ ಗೆದ್ದಲು ಹಿಡಿಯುತ್ತದೆ.

ಇಲ್ಲಿಯೇ ಇನ್ನೊಂದು ಮಾತು. ಸಾವಿರಕ್ಕೆ ಹತ್ತು ಇಪ್ಪತ್ತು ರೂಪಾಯಿ ಹಿಡಿದುಕೊಂಡು ಕೊಡುವ ರೂಢಿ ಹಲವು ಊರುಗಳಲ್ಲಿದೆ. ಮಿತ್ರರು ಗ್ರಾಹಕರಿಂದ ನೇರವಾಗಿ ಯಾವ ಶುಲ್ಕವನ್ನೂ ಪಡೆಯುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅವರ ಕಮಿಷನ್ ಬ್ಯಾಂಕಿನಿಂದ ಬರಬೇಕು. ಆ ಕಮಿಷನ್ ಸಾಲದೆ ಮಿತ್ರರು ಬಸವಳಿಯುತ್ತಾರೆಂಬುದೂ ಅಷ್ಟೇ ನಿಜ. ಅದಕ್ಕೆ ಪರಿಹಾರವನ್ನು ಬಡವರ 2,000ದಲ್ಲಿ ಹುಡುಕುವುದು ಸಲ್ಲದು. ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ, 436 ರೂಪಾಯಿಯ ಜೀವ ವಿಮೆ, ಅಟಲ್ ಪಿಂಚಣಿ, ಸಂಘಗಳ ಉಳಿತಾಯ ಜಮೆ, ಕೆವೈಸಿ ಮುಂತಾದ ಕೆಲಸಗಳನ್ನು ಸೇರಿಸಿಕೊಂಡು ಆದಾಯ ಹಿಗ್ಗಿಸಬೇಕು. ಪಂಚಾಯಿತಿ ಕಟ್ಟಡದಲ್ಲಿ ಬಾಡಿಗೆಯಿಲ್ಲದೆ ಜಾಗ ಕೊಡುವುದು ಊರು ಮಾಡಬಹುದಾದ ದೊಡ್ಡ ಸಹಾಯ.

ಆರನೆಯ ಹೆಜ್ಜೆ: ಬೆರಳು ಒಪ್ಪದಾಗ

ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮ ಕಡೆಯ ಹೆಂಗಸರ ಬೆರಳು ನೋಡಬೇಕು. ತೊಗರಿನ ಕಪ್ಪು ಗೆರೆಗೆರೆಗಳಲ್ಲಿ ಇಳಿದು, ಮೆಟ್ಟುಗತ್ತಿಗೆ ತಾಗಿ ಹೆಬ್ಬೆರಳ ತುದಿ ಸವೆದು ನುಣ್ಣಗಾಗಿರುತ್ತದೆ. ಗೇರುಬೀಜ ಸುಲಿಯುವವರಲ್ಲಿ ಸಿಪ್ಪೆಯ ಎಣ್ಣೆಗೆ ಚರ್ಮವೇ ಸುಟ್ಟಿರುತ್ತದೆ. ಸಾಧನ ಇವರನ್ನು ಗುರುತಿಸದೆ ಮೂರು ನಾಲ್ಕು ಸಲ ತಿರಸ್ಕರಿಸಿದಾಗ, ಸುತ್ತ ನಿಂತವರ ಎದುರು ತಾನೇ ಏನೋ ತಪ್ಪು ಮಾಡಿದವಳಂತೆ ಆಕೆ ಕೈ ಹಿಂದಕ್ಕೆಳೆದುಕೊಳ್ಳುತ್ತಾಳೆ. ಆ ಕ್ಷಣದಲ್ಲಿ ಮಿತ್ರರು ತಾಳ್ಮೆಯಿಂದ ನಡೆದುಕೊಳ್ಳುವುದು ಸೇವೆಯ ಒಂದು ಭಾಗ.

ಕೇಂದ್ರದಲ್ಲಿ ಬಿಸಿನೀರು, ಸಾಬೂನು, ಹತ್ತಿಬಟ್ಟೆ ಇರಲಿ. ಕೈ ತೊಳೆದು ಒರೆಸಿ, ಚರ್ಮ ತೀರಾ ಒಣಗಿದ್ದರೆ ತುಸು ತೇವ ತಾಗಿಸಿ, ಸಾಧನದ ಗಾಜು ಒರೆಸಿ, ಹೆಬ್ಬೆರಳಿನ ಬದಲು ಉಂಗುರದ ಬೆರಳು ಅಥವಾ ಎಡಗೈ ಬೆರಳು ಇಡಿಸಿ. ಹತ್ತು ಬೆರಳುಗಳೂ ಆಧಾರ್‌ನಲ್ಲಿ ದಾಖಲಾಗಿರುತ್ತವೆ, ಯಾವುದು ಬೇಗ ಒಪ್ಪುತ್ತದೆಂದು ಒಮ್ಮೆ ಕಂಡುಕೊಂಡು ಪುಸ್ತಕದಲ್ಲಿ ಆ ಹೆಸರಿನ ಮುಂದೆ ಬರೆದಿಟ್ಟರೆ ಮುಂದಿನ ಸಲ ಪೇಚಾಟವಿಲ್ಲ. ಬೆರಳು ಒಪ್ಪದವರಿಗೆ ಜನಧನ್ ಖಾತೆಯ ರುಪೇ ಕಾರ್ಡ್ ಮತ್ತು ಪಿನ್ ಬಳಸಿ ಮೈಕ್ರೋ ಎಟಿಎಂನಿಂದ ಹಣ ಕೊಡಬಹುದು. ಆ ಕಾರ್ಡುಗಳು ಬಹಳ ಮನೆಗಳಲ್ಲಿ ಟ್ರಂಕಿನ ತಳದಲ್ಲಿ ಲಕೋಟೆಯನ್ನೂ ಒಡೆಯದೆ ಮಲಗಿರುತ್ತವೆ. ಅವನ್ನು ತರಿಸಿ ಪಿನ್ ಮಾಡಿಸಿ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ 2025ರಲ್ಲಿ ಮುಖ ಗುರುತಿಸುವ ದೃಢೀಕರಣವನ್ನೂ ಆರಂಭಿಸಿದೆ, ಆದರೆ ಅದಕ್ಕೆ ಬೆಳಕೂ ನೆಟ್‌ವರ್ಕೂ ಚೆನ್ನಾಗಿರಬೇಕು. ಪದೇ ಪದೇ ವಿಫಲವಾಗುವವರನ್ನು ಆಧಾರ್ ಕೇಂದ್ರಕ್ಕೆ ಕರೆದೊಯ್ದು ಬೆರಳಚ್ಚು ನವೀಕರಿಸುವುದಾದರೆ ಸುಲಿಗೆಯ ಹಂಗಾಮು ಮುಗಿದು ಒಂದೆರಡು ತಿಂಗಳು ಕಳೆದ ಮೇಲೆ, ಚರ್ಮ ಮತ್ತೆ ಮೂಡಿದಾಗ ಕರೆದೊಯ್ಯಿರಿ.

ಏಳನೆಯ ಹೆಜ್ಜೆ: ವ್ಯವಹಾರ ನಡುವೆ ತುಂಡಾದಾಗ

ಬೆರಳು ಒತ್ತಿಯಾಗಿದೆ, ಚಕ್ರ ತಿರುಗುತ್ತಿದೆ, ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಗ್ರಾಹಕರ ಖಾತೆಯಿಂದ ಹಣ ಹೋಯಿತೇ ಇಲ್ಲವೇ? ಈ ಪ್ರಶ್ನೆಗೆ ಮೂರು ಉತ್ತರ ಸಾಧ್ಯ. ಹಣ ಹೊರಟೇ ಇಲ್ಲದಿರಬಹುದು. ಗ್ರಾಹಕರ ಖಾತೆಯಿಂದ ಕಳೆದು ಮಿತ್ರರ ಖಾತೆಗೆ ಸೇರದೆ ನಡುವೆ ನಿಂತಿರಬಹುದು. ಎರಡೂ ಕಡೆ ಸರಿಯಾಗಿ ನಡೆದು ಉತ್ತರ ಮಾತ್ರ ಪರದೆಗೆ ಬಂದಿರದೆಯೂ ಇರಬಹುದು. ಪರದೆ ಮೂರಕ್ಕೂ ಒಂದೇ ರೀತಿ ‘ವಿಫಲ’ ಅಥವಾ ‘ಸಮಯ ಮೀರಿದೆ’ ಎಂದು ತೋರಿಸುವುದೇ ಜಗಳದ ಮೂಲ.

ಆದ್ದರಿಂದ ಕಟ್ಟುನಿಟ್ಟಾದ ನಿಯಮ ಒಂದಿರಲಿ: ವಿಫಲವಾದ ಕೂಡಲೇ ಇನ್ನೊಮ್ಮೆ ಬೆರಳು ಒತ್ತಿಸಬಾರದು. ಮೊದಲು ಮಿನಿ ಸ್ಟೇಟ್‌ಮೆಂಟ್ ತೆಗೆದು ನೋಡಬೇಕು. ಹಣ ಕಳೆದಿಲ್ಲವಾದರೆ ಮಾತ್ರ ಮತ್ತೆ ಪ್ರಯತ್ನಿಸಬೇಕು. ಕಳೆದಿದ್ದರೆ ಮಿತ್ರರು ತಮ್ಮ ಇತ್ಯರ್ಥ ಖಾತೆಯನ್ನು ನೋಡಬೇಕು. ಅಲ್ಲಿ ಹಣ ಬಂದಿದ್ದರೆ ಅದು ಗ್ರಾಹಕರದ್ದು, ಅಲ್ಲಿಯೇ ಎಣಿಸಿ ಕೊಡಬೇಕು. ಅಲ್ಲಿಯೂ ಬಂದಿಲ್ಲವಾದರೆ ದಿನಾಂಕ, ಸಮಯ, ಮೊತ್ತ, ಬ್ಯಾಂಕ್, ಆಧಾರ್‌ನ ಕೊನೆಯ ನಾಲ್ಕು ಅಂಕಿ ಮತ್ತು ರಸೀದಿಯಲ್ಲಿರುವ 12 ಅಂಕಿಯ ಆರ್‌ಆರ್‌ಎನ್ (ಆ ವ್ಯವಹಾರದ ಗುರುತಿನ) ಸಂಖ್ಯೆಯನ್ನು ವಿಫಲ ವ್ಯವಹಾರಗಳ ಪುಸ್ತಕದಲ್ಲಿ ಬರೆದು, ಅದರ ಪ್ರತಿಯನ್ನು ಗ್ರಾಹಕರ ಕೈಗೆ ಕೊಡಬೇಕು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಆದೇಶದಂತೆ ಇಂಥ ಹಣ ವ್ಯವಹಾರದ ದಿನದಿಂದ 5 ದಿನಗಳೊಳಗೆ ಮರಳಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲಬೇಕು. ಬರದಿದ್ದರೆ ಗ್ರಾಹಕರ ಬ್ಯಾಂಕಿಗೆ ಲಿಖಿತ ದೂರು ಕೊಡಬೇಕು. 30 ದಿನಗಳಾದರೂ ಉತ್ತರವಿಲ್ಲದಿದ್ದರೆ ಅಥವಾ ಸಮಾಧಾನವಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ದೂರು ಇತ್ಯರ್ಥ ಮಾಡುವ ಅಧಿಕಾರಿಗೆ) ಹೋಗಬಹುದು. 14448ಕ್ಕೆ ಕರೆ ಮಾಡಿ ಮಾಹಿತಿ ಪಡೆಯಬಹುದು.

ಆ ಐದು ದಿನ ಬರಿಗೈಯಲ್ಲಿ ಹೋಗುವವರ ಗತಿ ಏನು? ನಾವು ಒಂದು ಕೇಂದ್ರದಲ್ಲಿ ಸಂಘದ ಮೂಲಕ 10,000 ರೂಪಾಯಿಯ ಸಣ್ಣ ನಿಧಿ ಇಟ್ಟೆವು. ಹಣ ನಡುವೆ ಸಿಕ್ಕಿಕೊಂಡವರಿಗೆ ಅದರಿಂದ 500 ರೂಪಾಯಿಯವರೆಗೆ ಕೈಗಡ ಕೊಟ್ಟು, ಹಣ ಮರಳಿದ ಮೇಲೆ ಹಿಂದಕ್ಕೆ ಪಡೆಯುವುದು ಅದರ ಕ್ರಮ. ಕೇಂದ್ರದ ಮೇಲಿನ ನಂಬಿಕೆ ಉಳಿಯಲು ಅದರಷ್ಟು ನೆರವಾದದ್ದು ಬೇರೊಂದಿಲ್ಲ.

ಎಂಟನೆಯ ಹೆಜ್ಜೆ: ಬೆರಳಿನ ಕಾವಲು

ಆಧಾರ್ ವ್ಯವಹಾರದಲ್ಲಿ ಬೆರಳೇ ಸಹಿ, ಬೆರಳೇ ಬೀಗದ ಕೈ. ಆಸ್ತಿ ನೋಂದಣಿಯ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ ಖಾತೆಯಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬೆಳಕಿಗೆ ಬಂದವು. ಆಧಾರ್ ಮೂಲಕ ಹಣ ತೆಗೆಯುವ ಅಗತ್ಯವೇ ಇಲ್ಲದವರು ಎಂಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಬೀಗ ಹಾಕಿಕೊಳ್ಳುವುದು ಒಳ್ಳೆಯದು. ತಿಂಗಳಿಗೊಮ್ಮೆ ಬೆರಳು ಒತ್ತಿಯೇ ಹಣ ಪಡೆಯುವವರಿಗೆ ಪ್ರತಿ ಸಲ ಬೀಗ ತೆಗೆಯುವುದು ತೊಡಕಾಗುವುದರಿಂದ, ಅವರಿಗೆ ಬೇರೆ ಪಾಠ ಬೇಕು: ಮೊತ್ತ ಎಷ್ಟೆಂದು ಮಿತ್ರರು ಗಟ್ಟಿಯಾಗಿ ಹೇಳುವವರೆಗೆ ಬೆರಳು ಇಡಬಾರದು, ರಸೀದಿ ಇಲ್ಲದೆ ಏಳಬಾರದು, ಮನೆಗೆ ಬಂದು ‘ಯೋಜನೆಗೆ ಹೆಸರು ಸೇರಿಸುತ್ತೇವೆ, ಥಂಬ್ ಕೊಡಿ’ ಎನ್ನುವ ಅಪರಿಚಿತರಿಗೆ ಬೆರಳು ಕೊಡಬಾರದು. ಹಣ ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಕೀಪ್ಯಾಡ್ ಫೋನ್ ಇರುವವರಿಗೆ ಇಂಟರ್ನೆಟ್ ಇಲ್ಲದೆಯೂ ನಡೆಯುವ *99# ಸೇವೆಯನ್ನೂ, 2022ರ ಮಾರ್ಚ್‌ನಲ್ಲಿ ಬಂದ ಯುಪಿಐ 123ಪೇ ಸೇವೆಯನ್ನೂ ಕಲಿಸಬಹುದು. *99#ರಲ್ಲಿ ಕನ್ನಡವೂ ಇದೆ. ಖಾತೆಯ ಬ್ಯಾಲೆನ್ಸ್ ನೋಡುವುದನ್ನಷ್ಟೇ ಕಲಿತರೂ, ಹಣ ಬಂದಿದೆಯೇ ಎಂದು ತಿಳಿಯಲೆಂದೇ ಗುಡ್ಡ ಇಳಿಯುವುದು ತಪ್ಪುತ್ತದೆ. ಆದರೆ ಮನೆಗೊಂದೇ ಫೋನ್ ಇದ್ದು ಅದು ಮಗನ ಕಿಸೆಯಲ್ಲಿರುವ ಕಡೆ, ಆ ಫೋನಿಗೆ ತಾಯಿಯ ಖಾತೆಯ ಯುಪಿಐ ಜೋಡಿಸುವ ಮುನ್ನ ತಾಯಿಯನ್ನು ಪ್ರತ್ಯೇಕವಾಗಿ ಕೇಳಿ.

ಒಂಬತ್ತನೆಯ ಹೆಜ್ಜೆ: ಎರಡನೆಯ ವ್ಯಕ್ತಿ ಮತ್ತು ಮಳೆಗಾಲದ ತಾಲೀಮು

ಮಿತ್ರರಿಗೆ ಕಾಯಿಲೆಯಾದರೆ, ಹೆರಿಗೆಯಾದರೆ, ಮದುವೆಯಾಗಿ ಬೇರೆ ಊರಿಗೆ ಹೋದರೆ ಕೇಂದ್ರ ನಿಲ್ಲಬಾರದು. ತಮ್ಮ ಬೆರಳಿನಿಂದ ಲಾಗಿನ್ ಮಾಡಿಕೊಟ್ಟು ಬೇರೆಯವರನ್ನು ಕೂರಿಸುವುದು ನಿಯಮಬಾಹಿರ. ಹಾಗಾಗಿ ಆರಂಭದಲ್ಲಿಯೇ ಇನ್ನೊಬ್ಬರಿಗೆ ಪ್ರಮಾಣಪತ್ರ ಮಾಡಿಸಿ, ಬ್ಯಾಂಕಿನಲ್ಲಿ ಅವರ ಹೆಸರು ದಾಖಲಿಸಿಡಿ. 2026ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ ಸತತ ಮೂರು ತಿಂಗಳು ವ್ಯವಹಾರ ಮಾಡದ, ಆಧಾರ್ ಮೂಲಕ ಹಣ ಕೊಡುವ ನಿರ್ವಾಹಕರು ಮತ್ತೆ ಕೆವೈಸಿ ಮಾಡಿಸಿಯೇ ಕೆಲಸ ಆರಂಭಿಸಬೇಕು. ಮಳೆಗಾಲ ಪೂರ್ತಿ ಕೇಂದ್ರ ಮುಚ್ಚಿಟ್ಟರೆ ಈ ನಿಯಮ ನಿಮಗೂ ತಾಗುತ್ತದೆ.

ಮೇ ತಿಂಗಳ ಕೊನೆಯ ವಾರದಲ್ಲಿ ಒಂದು ದಿನ ತಾಲೀಮು ಮಾಡಿ. ಬೆಳಿಗ್ಗೆ ಬಂದವರೇ ಕರೆಂಟಿನ ಮೇನ್ ಸ್ವಿಚ್ ಇಳಿಸಿ, ಚೆನ್ನಾಗಿ ಸಿಗುವ ಸಿಮ್ ತೆಗೆದಿಟ್ಟು, ಬ್ಯಾಟರಿ ಮತ್ತು ಎರಡನೆಯ ಸಿಮ್‌ನಿಂದ ಸಂಜೆಯವರೆಗೆ ಕೇಂದ್ರ ನಡೆಸಿ. ರಸೀದಿಯ ರೋಲುಗಳು ತೇವ ಹಿಡಿಯದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿವೆಯೇ, ಬೆರಳಚ್ಚು ಸಾಧನದ ಗಾಜಿಗೆ ಬೂಸ್ಟು ಕಟ್ಟಿದೆಯೇ, ಹೊಳೆ ಉಕ್ಕಿ ಶಾಖೆಯ ದಾರಿ ಮುಚ್ಚಿದರೆ ನಗದು ಯಾವ ಅಂಗಡಿಯಿಂದ ಬರುತ್ತದೆ ಎಂಬುದನ್ನು ಅದೇ ದಿನ ನೋಡಿ, ಕಂಡ ಕೊರತೆಗಳನ್ನು ಪುಸ್ತಕದಲ್ಲಿ ಬರೆದು, ಮೃಗಶಿರಾ ಮಳೆ ಹಿಡಿಯುವ ಮುನ್ನ ಸರಿಪಡಿಸಿಕೊಳ್ಳಿ.